ಹಿತ್ತಲಲ್ಲಿ ಹಾಕಿದ ಮೊಳ

ನನ್ನ ಕೈ ಉದ್ದ. ಇದು ಹೊಗಳಿಕೊಳ್ಳುವ ಮಾತಲ್ಲ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ನೋಡಿದರೆ ಯಾರಿಗಾದರೂ ಗೊತ್ತಾಗುವ ಸಂಗತಿ. ಚಿಕ್ಕಂದಿನಲ್ಲಿ ಸೂರಿಗೆ ಸಿಕ್ಕಿಸಿದ ಕುಡುಗೋಲನ್ನು ಮಣೆ ಹತ್ತದೆ ತೆಗೆದುಕೊಡುತ್ತಿದ್ದವಳು ನಾನೇ. ನಮ್ಮಪ್ಪ ಅರಸೀಕೆರೆ ಸ್ಟೇಷನ್ನಿನಲ್ಲಿ ಗಂಟುಮೂಟೆ ಹೊರುತ್ತಿದ್ದ. ಎರಡು ಕಡೆಯ ರೈಲು ಬಂದು ಸೇರುವ ಸ್ಟೇಷನ್ನಾದ್ದರಿಂದ ಅವನಿಗೆ ಹೊರೆಗೂ ಬರವಿರಲಿಲ್ಲ, ಮಾತಿಗೂ ಬರವಿರಲಿಲ್ಲ. ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವಳಿಗೆ ಕೈನೂ ಉದ್ದ, ನಾಲಿಗೇನೂ ಉದ್ದ. ಗಂಡನ ಮನೆಯಿಂದ ಯಾವುದು ಮೊದಲು ವಾಪಸ್ ಕರ್ಕೊಂಡ್ ಬತ್ತೈತೋ ನೋಡ್ಬೇಕು" ಅನ್ನುತ್ತಿದ್ದ. ಬಂದವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಆ ಕೈ, ಆ ನಾಲಿಗೆ ಎರಡೂ ಸೇರಿ ನನಗೆ ಅನ್ನದ ದಾರಿ ತೋರಿಸಿದವು ಅನ್ನುವುದನ್ನು ಅಪ್ಪ ಆಮೇಲೆ ಒಪ್ಪಿಕೊಂಡ, ಆದರೆ ತಮಾಷೆ ಬಿಡಲಿಲ್ಲ.

ನಮ್ಮವ್ವ ಕೊಬ್ಬರಿ ಮಂಡಿಯಲ್ಲಿ ಕೂರುತ್ತಿದ್ದಳು. ಕೂರುವುದು ಅಂದರೆ ಸುಮ್ಮನೆ ಕೂರುವುದಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಯನ್ನು ಮುಕ್ಕಾಗದಂತೆ ಬಿಡಿಸಿ, ಗಾತ್ರ ನೋಡಿ ಬೇರೆ ಬೇರೆ ರಾಶಿ ಹಾಕುವುದು. ಚಿಪ್ಪಿನ ಅಂಚು ತಾಗಿ ತಾಗಿ ಅವ್ವನ ಅಂಗೈ ಎಷ್ಟು ಒರಟಾಗಿತ್ತೆಂದರೆ ಪ್ರೀತಿಯಿಂದ ತಲೆ ಸವರಿದರೆ ನನ್ನ ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಅವ್ವ ತಲೆ ಸವರುವುದನ್ನೇ ಬಿಟ್ಟು ಬೆನ್ನು ತಟ್ಟುತ್ತಿದ್ದಳು.

ನನಗೆ ಹದಿನೈದೋ ಹದಿನಾರೋ ಆಗಿದ್ದ ವರ್ಷ, ಗೌರಿ ಹಬ್ಬ ಕಳೆದ ಮೇಲೆ ನನ್ನನ್ನೂ ಅವ್ವನ ಪಕ್ಕದಲ್ಲಿ ಕೂರಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಮಂಡಿಯಲ್ಲಿ ಒಂದು ಜಾಗ ಸಿಕ್ಕುವುದೆಂದರೆ ಆಗ ಸಣ್ಣ ಮಾತಲ್ಲ. ಅವ್ವ ಅದಕ್ಕಾಗಿ ಎಷ್ಟೋ ದಿನದಿಂದ ಕೇಳಿಕೊಂಡಿದ್ದಳು. ನನಗೆ ಮಾತ್ರ ಅವ್ವನ ಅಂಗೈ ನೋಡಿದಾಗಲೆಲ್ಲ ಮಂಡಿ ಬೇಡ ಅನ್ನಿಸುತ್ತಿತ್ತು. ಬೇಡ ಅನ್ನುವುದಕ್ಕೆ ಬೇರೆ ಏನು ಬೇಕೆಂದು ಗೊತ್ತಿರಬೇಕಲ್ಲ, ಅದು ಗೊತ್ತಿರಲಿಲ್ಲ.

ಮಂಡಿಯ ಸಾಹುಕಾರರ ಹೆಂಡತಿಯನ್ನು ನಾವೆಲ್ಲ ಅಮ್ಮನವರು ಅನ್ನುತ್ತಿದ್ದೆವು. ಕುಳ್ಳಗೆ, ಗುಂಡಗೆ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಬೇಸಿಗೆಯಲ್ಲಿ ಸ್ಟೇಷನ್ನಿನ ಎದುರು ಅರವಟ್ಟಿಗೆ ಇಟ್ಟು, ಬಿಸಿಲಲ್ಲಿ ಇಳಿದು ಬಂದವರಿಗೆ ಮಜ್ಜಿಗೆ ಕೊಡಿಸುತ್ತಿದ್ದರು. ಕೊಡಿಸುವುದೇನು, ಸೌಟು ಹಿಡಿದು ತಾವೇ ನಿಲ್ಲುತ್ತಿದ್ದರು. ತಾನು ಮುಟ್ಟದೆ ಕೊಟ್ಟದ್ದು ದಾನವಲ್ಲ ಅನ್ನುವುದು ಅವರ ಹಟ. ಗೌರಿ ಹಬ್ಬಕ್ಕೆ ಮಂಡಿಯ ಹೆಂಗಸರಿಗೆಲ್ಲ ಒಂದೊಂದು ಸೀರೆ ಕೊಡುತ್ತಿದ್ದರು, ತವರಿನಿಂದ ಬರುವ ಹಾಗೆ. ಗಂಡ ಸತ್ತವರಿಗೂ ಕೊಡುತ್ತಿದ್ದರು. ಅದಕ್ಕೆ ಮೂಗು ಮುರಿದವರಿಗೆ, ಸೀರೆ ಉಡೋದು ಗೌರಿಯಲ್ಲ, ಹೆಂಗಸು ಅಂದುಬಿಡುತ್ತಿದ್ದರಂತೆ.

ಆ ಸೀರೆಗಳಿಗೆ ಸೆರಗು ಬೇರೆಯಿರಲಿಲ್ಲ. ಎರಡು ಕಡೆ ಕೆಂಪು ಅಂಚು, ನಡುವೆ ಹಸಿರು. ನೇಯುವವರ ಮನೆಯಿಂದ ಉದ್ದನೆಯ ಸುರುಳಿಯಾಗಿ ಬರುತ್ತಿತ್ತು. ಅದನ್ನು ಅಮ್ಮನವರು ಹಜಾರದಲ್ಲಿ ಕಾಲು ನೀಡಿ ಕೂತು, ತಮ್ಮ ಮೊಣಕೈ ಊರಿ ಊರಿ, ಹದಿನಾರು ಮೊಳಕ್ಕೊಂದರಂತೆ ಹರಿಯುತ್ತಿದ್ದರು. ಆಳುಗಳ ಕೈಗೆ ಕೊಡುತ್ತಿರಲಿಲ್ಲ. ದಾನದ ಬಟ್ಟೆಗೆ ಕತ್ತರಿ ಇಟ್ಟರೂ ತಮ್ಮದೇ ಕತ್ತರಿ, ಮೊಳ ಹಾಕಿದರೂ ತಮ್ಮದೇ ಕೈ.

ಆ ಸಲ ಅವ್ವ ತನ್ನ ಸೀರೆಯನ್ನು ನನ್ನ ಮಡಿಲಿಗೆ ಹಾಕಿ, "ಇದನ್ನ ನೀನೇ ಉಟ್ಕೊ. ಮಂಡಿಗೆ ಹಳೇದ್ ಉಟ್ಕೊಂಡ್ ಹೋಗಬ್ಯಾಡ" ಅಂದಳು. ಉಟ್ಟು ನೋಡಿದೆ. ಒಂದು ಸುತ್ತು ಬಂತು, ಸೆರಗು ಬಂತು, ನಿರಿಗೆಗೆ ಬರಲಿಲ್ಲ. ನಿರಿಗೆಗೆ ಬಿಟ್ಟರೆ ಸೆರಗು ಹೆಗಲು ದಾಟಲಿಲ್ಲ. ಹೇಗೆ ಎಳೆದರೂ ಒಂದು ಕಡೆ ಸೋತಿತು. ನನಗೆ ಮೊದಲೇ ಮಂಡಿಗೆ ಹೋಗುವ ಸಿಟ್ಟು, ಈಗ ಸೀರೆಯ ಸಿಟ್ಟೂ ಸೇರಿತು. ಅದನ್ನು ಬಿಚ್ಚಿ ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಮೇಲೆ ಹರಡಿ ಮೊಣಕೈ ಊರಿ ಮೊಳ ಹಾಕಿದೆ. ಹದಿನಾಲ್ಕೂವರೆ ಬಂತು. ಮತ್ತೆ ಹಾಕಿದೆ. ಅಷ್ಟೇ.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಅನ್ನುವ ಗಾದೆಯನ್ನು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ಆದರೆ ನಿಜವಾಗಿ ಹಿತ್ತಲಿಗೆ ಹೋಗಿ ಹಾಗೆ ಮಾಡಿದವಳನ್ನು ಯಾರೂ ನೋಡಿರಲಿಲ್ಲ. ಆವತ್ತು ನೋಡಿದರು. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರಲ್ಲ, ನಮ್ಮ ಹಿತ್ತಲಿಗೆ ಗೋಡೆಯೂ ಇರಲಿಲ್ಲ. ಬರೀ ಕಳ್ಳಿ ಬೇಲಿ. ಆಚೆ ಕಡೆ ಪಾತ್ರೆ ತೊಳೆಯುತ್ತಿದ್ದ ನೆರೆಮನೆಯವಳು ಕತ್ತು ಉದ್ದ ಮಾಡಿ ಏನೇ ಅದು ಅಂದಳು. ನಾನು ಮುಚ್ಚಿಡುವ ಜಾತಿಯವಳಲ್ಲ. ಒಂದೂವರೆ ಮೊಳ ಕಮ್ಮಿ ಐತೆ ಅಂದೆ, ಸ್ವಲ್ಪ ಜೋರಾಗಿಯೇ ಅಂದೆ. ದೀಪ ಹಚ್ಚುವ ಹೊತ್ತಿಗೆ ಮಾತು ಮಂಡಿಯ ಬಾಗಿಲು ಮುಟ್ಟಿತ್ತು.

ಬೆಳಿಗ್ಗೆ ಅಮ್ಮನವರ ಮನೆಯ ಆಳು ಬಂದು, ತಾಯಿ ಮಗಳು ಇಬ್ಬರೂ ಬರಬೇಕಂತೆ, ಸೀರೆಯನ್ನೂ ತರಬೇಕಂತೆ ಅಂದ. ಮಂಡಿಯಲ್ಲಿ ತನ್ನ ಜಾಗ, ನನಗೆ ಸಿಗಬೇಕಿದ್ದ ಜಾಗ, ಎರಡೂ ಹೋದವು ಅನ್ನುವುದು ಅವ್ವನ ಲೆಕ್ಕ. ಅಪ್ಪ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದವನು, "ಮೊಳ ಹಾಕಿದ್ದು ತಪ್ಪಲ್ಲ ಕಣೆ. ಹಾಕಿ ಬಾಯ್ಬಿಟ್ಯಲ್ಲ, ಅದು" ಅಂದ. ಅವ್ವ ಮುಂದೆ ಬಿರಬಿರನೆ ನಡೆದಳು. ನಾನು ಸೀರೆಯನ್ನು ಎದೆಗವಚಿಕೊಂಡು ಅವಳ ಹಿಂದೆ ಹೋದೆ. ಹೆದರಿಕೆ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹದಿನಾಲ್ಕೂವರೆಯನ್ನು ಹದಿನಾರು ಅನ್ನುವುದು ನನ್ನಿಂದ ಆಗುತ್ತಿರಲಿಲ್ಲ.

ಅಮ್ಮನವರು ಹಜಾರದಲ್ಲಿ ಹೂ ಬಿಡಿಸುತ್ತ ಕೂತಿದ್ದರು. ಅಡಿಗೆಯವಳು, ಮನೆಯ ಸೊಸೆ ಎಲ್ಲ ಅಲ್ಲಿಯೇ ಏನೋ ಕೆಲಸ ಹುಡುಕಿಕೊಂಡು ನಿಂತಿದ್ದರು. ಅವ್ವ ಹೊಸಿಲು ದಾಟುವ ಮೊದಲೇ, ತಪ್ಪಾಯ್ತು ಅಮ್ನೋರೆ, ಮಕ್ಕಳ ಮಾತು, ಮನಸ್ಸಿಗೆ ಹಾಕ್ಕೋಬ್ಯಾಡಿ ಅಂತ ಶುರು ಮಾಡಿದಳು. ಅವರು ಕೈ ಎತ್ತಿ ಸುಮ್ಮನಿರಿಸಿ ನನ್ನ ಕಡೆ ನೋಡಿದರು.

"ಮೊಳ ಹಾಕಿದ್ಯಂತೆ?"

"ಹೂಂ, ಅಮ್ನೋರೆ."

"ಯಾಕೆ?"

"ನಿರಿಗೆಗೆ ಸಾಲಲಿಲ್ಲ."

"ಎಲ್ಲಿ, ನನ್ನ ಎದುರಿಗೆ ಹಾಕು."

ಹಾಕಿದೆ. ಹದಿನಾಲ್ಕೂವರೆ. ಅಮ್ಮನವರು ಸೀರೆಯನ್ನು ತಮ್ಮ ಕಡೆ ಎಳೆದುಕೊಂಡು ತಾವು ಹಾಕಿದರು. ಹದಿನಾರು, ಒಂದು ಬೆರಳೂ ಆಚೀಚೆ ಇಲ್ಲ. ಅಡಿಗೆಯವಳಿಗೆ ಹಾಕಲು ಹೇಳಿದರು, ಅವಳಿಗೆ ಹದಿನೈದೂವರೆ ಬಂತು. ಸೊಸೆಗೆ ಇನ್ನೇನೋ ಬಂತು. ಅವ್ವನಿಗೆ ಹೇಳಿದಾಗ ಅವ್ವ ಹಿಂದೆ ಸರಿದು, ಕೊಟ್ಟ ಸೀರೆಗೆ ನಾನು ಮೊಳ ಹಾಕಲ್ಲ ಅಮ್ನೋರೆ ಅಂತ ಕೈ ಮುಗಿದಳು. ಒಂದೇ ಸೀರೆ, ಒಂದೇ ಹಜಾರ, ಎಷ್ಟು ಹೆಂಗಸರೋ ಅಷ್ಟು ಉದ್ದ. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಅಮ್ಮನವರು ನಗಲಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು ನನ್ನ ಮೊಣಕೈ ಪಕ್ಕದಲ್ಲಿ ತಮ್ಮ ಮೊಣಕೈ ಊರಿದರು. ನನ್ನ ಬೆರಳು ಅವರ ಬೆರಳನ್ನು ದಾಟಿ ಮುಂದೆ ಹೋಗಿತ್ತು. ಅದನ್ನೇ ಬಹಳ ಹೊತ್ತು ನೋಡಿದರು.

"ಕೊಟ್ಟೋಳ ಮೊಳದಲ್ಲಿ ಸರಿಯಾಗೈತೆ, ಉಟ್ಕಳೋಳ ಮೊಳದಲ್ಲಿ ಕಮ್ಮಿಯಾಗೈತೆ" ಅಂದರು. "ಇಷ್ಟು ವರ್ಷದಿಂದ ನನ್ನ ಕೈಯಲ್ಲೇ ಅಳೆದು ಪುಣ್ಯ ಬಂತು ಅಂದ್ಕೊಂಡಿದ್ದೆ. ಉಡೋದು ನಾನಲ್ವಲ್ಲ."

ಆಮೇಲೆ ಅವ್ವನ ಕಡೆ ತಿರುಗಿ, "ಇವಳನ್ನ ಮಂಡಿಗೆ ಕಳಿಸಬ್ಯಾಡ" ಅಂದರು. ಅಷ್ಟು ಹೇಳಿ ಎದ್ದು ಒಳಗೆ ಹೋದರು.

ಆ ಕ್ಷಣ ಅವ್ವ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಒಳಗಿನಿಂದ, ನಿಂತ್ಕೊಂಡಿದ್ದೀಯಲ್ಲೇ, ಬಾ, ಕೈ ಕೊಡು ಅನ್ನುವ ಕೂಗು ಬಂತು. ಒಳಕೋಣೆಗೆ ಹೋದೆ. ಮೂಲೆಯಲ್ಲಿ ಒಂದು ಮೇಜಿನಂಥದ್ದರ ಮೇಲೆ ಹೂವಿನ ಬುಟ್ಟಿ, ಪಂಚಾಂಗ, ಔಷಧದ ಸೀಸೆ ಎಲ್ಲ ಇಟ್ಟಿದ್ದರು. ಅವನ್ನೆಲ್ಲ ತೆಗೆದು, ಹೊದಿಕೆ ಎಳೆದರು. ಹೊಲಿಗೆ ಮಿಷನ್ನು. ಅಳಿಯಂದಿರು ಬೆಂಗಳೂರಿನಿಂದ ತಂದುಕೊಟ್ಟದ್ದಂತೆ. ಮನೆಯಲ್ಲಿ ಯಾರಿಗೂ ತುಳಿಯಲು ಬಾರದೆ ಅದು ಹೂವಿನ ಬುಟ್ಟಿ ಹೊರುವ ಕೆಲಸಕ್ಕೆ ಬಿದ್ದಿತ್ತು. ಇಬ್ಬರೂ ಸೇರಿ ಅದನ್ನು ಹಜಾರಕ್ಕೆ ಎಳೆದು ತಂದೆವು.

"ಮಂಡಿಗೆ ಬ್ಯಾಡ, ಇಲ್ಲಿಗೆ ಕಳಿಸು" ಅಂದರು ಅವ್ವನಿಗೆ. ಅವ್ವ ಕಂಬಕ್ಕೆ ಒರಗಿ ಅಲ್ಲೇ ಕೂತಳು. ಅಮ್ಮನವರು ಅವಳಿಗೆ ಮಜ್ಜಿಗೆ ತರಿಸಿಕೊಟ್ಟರು.

ಹೆಂಗಸರಿಗೆ ಹೆಂಗಸರೇ ಅಳೆದು ಹೊಲಿಯಬೇಕು ಅನ್ನುವ ವಿಚಾರ ಅವರ ಮನಸ್ಸಿನಲ್ಲಿ ಬಹಳ ದಿನದಿಂದ ಇತ್ತಂತೆ. ಆಗೆಲ್ಲ ರವಿಕೆ ಹೊಲಿಯುವವರು ಗಂಡಸರು. ಮರ್ಯಾದಸ್ಥ ಹೆಂಗಸು ಗಂಡಸಿನ ಕೈಯಲ್ಲಿ ಅಳತೆ ತೆಗೆಸಿಕೊಳ್ಳುವ ಹಾಗಿಲ್ಲ. ಹಳೆಯ ರವಿಕೆ ಕೊಟ್ಟರೆ ಅದರ ಅಳತೆಗೆ ಹೊಸದು, ಅದು ಇಲ್ಲದಿದ್ದರೆ ಕಣ್ಣಳತೆ. ಬಸುರಿಯಾದರೂ ಅದೇ, ಬಾಣಂತಿಯಾದರೂ ಅದೇ. ಕೂಸಿಗೆ ಹಾಲು ಕೊಡಲು ಪಡಬಾರದ ಕಷ್ಟ ಪಡುತ್ತಿದ್ದವರನ್ನು ನಾನೇ ಕಂಡಿದ್ದೇನೆ. ಅಮ್ಮನವರು ತಮ್ಮ ತೋಳು ತೋರಿಸಿ, ಊರಿಗೆ ಸಾಹುಕಾರ್ತಿ ಅನ್ನಿಸಿಕೊಂಡರೂ ಮದುವೆಯಾದಾಗಿನಿಂದ ತಮಗೆ ಒಂದು ರವಿಕೆಯೂ ನೆಟ್ಟಗೆ ಕೂತಿಲ್ಲ ಅಂದರು. ತೋಳಿನ ಸುತ್ತ ಅಂಚು ಕಚ್ಚಿ ಕಚ್ಚಿ ಕಪ್ಪು ಗೆರೆ ಬಿದ್ದಿತ್ತು. ಅದನ್ನು ನೋಡಿ ನನಗೆ ನಗು ಬಂತು, ಪಾಪವೂ ಅನ್ನಿಸಿತು. ಮಂಡಿ ತುಂಬ ಕೊಬ್ಬರಿ, ಮೈಗೆ ಸರಿಯಾದ ರವಿಕೆ ಇಲ್ಲ.

ಕಲಿಸುವುದಕ್ಕೆ ಬೇಲೂರಿನಿಂದ ಒಬ್ಬ ಮುದುಕ ದರ್ಜಿಯನ್ನು ಕರೆಸಿದರು. ಅವರ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ, ಅಂಗಡಿ ಬಿಟ್ಟು ಮನೆಯಲ್ಲಿ ಕೂತಿದ್ದರು. ಅಮ್ಮನವರ ಮನೆಯ ಪಕ್ಕದ ಕೋಣೆ ನಮ್ಮ ಹೊಲಿಗೆ ಮನೆಯಾಯಿತು. ದರ್ಜಿ ತಾತ ಹೊರಗೆ ಜಗಲಿಯಲ್ಲಿ, ನಾನೂ ಮಂಡಿಯ ಹೆಂಗಸರ ಹೆಣ್ಣುಮಕ್ಕಳೂ ಸೇರಿ ಏಳೆಂಟು ಹುಡುಗಿಯರು ಬಾಗಿಲ ಒಳಗೆ. ನಾವು ಹೊಲಿದದ್ದನ್ನು ಹೊಸಿಲ ಮೇಲೆ ಇಟ್ಟರೆ ಅವರು ಹೊಲಿಗೆಯ ಮೇಲೆ ಬೆರಳಾಡಿಸಿ, ಇಲ್ಲಿ ನಿದ್ದೆ ಮಾಡಿದ್ದೀಯಮ್ಮ ಅನ್ನುತ್ತಿದ್ದರು. ನನಗೆ ಬಹಳ ಸಲ ಅಂದಿದ್ದಾರೆ. ನಾನು ಹೊಲಿಯುವಾಗ ಮಾತಾಡುತ್ತಿದ್ದೆ, ಮಾತು ಏರಿದ ಹಾಗೆ ಕಾಲೂ ಏರುತ್ತಿತ್ತು.

ನಮ್ಮಲ್ಲಿ ಓದು ಬರಹ ಬಲ್ಲವರು ಕಡಿಮೆ. ಅಳತೆ ಬರೆದಿಡುವುದು ಹೇಗೆ? ತಾತ ಗಂಟಿನ ದಾರ ಹೇಳಿಕೊಟ್ಟರು. ಒಬ್ಬೊಬ್ಬ ಹೆಂಗಸಿಗೂ ಒಂದೊಂದು ದಾರ. ಎದೆ ಸುತ್ತಿಗೆ ಒಂದು ಗಂಟು, ತೋಳಿಗೆ ಒಂದು, ಬೆನ್ನಿನ ಉದ್ದಕ್ಕೆ ಒಂದು. ದಾರವನ್ನು ಗೋಡೆಯ ಮೊಳೆಗೆ ನೇತುಹಾಕುವುದು. ಯಾವ ಮೊಳೆ ಯಾರದು ಅನ್ನುವುದು ನಮ್ಮ ಬಾಯಲ್ಲಿತ್ತು. ಬಾಗಿಲ ಪಕ್ಕದ್ದು ಪಟೇಲರ ಸೊಸೆ, ಕಿಟಕಿ ಕೆಳಗಿನದು ಹೂವಾಡಗಿತ್ತಿ, ಅದರ ಕೆಳಗೆ ಸ್ಟೇಷನ್ ಮಾಸ್ತರರ ಹೆಂಡತಿ. ಊರಿನ ಹೆಂಗಸರೆಲ್ಲ ಗೋಡೆಯ ಮೇಲೆ ದಾರವಾಗಿ ನೇತಾಡುತ್ತಿದ್ದರು. ಗೋಡೆ ನೋಡಿದರೆ ಯಾರು ದಪ್ಪಗಾಗಿದ್ದಾರೆ, ಯಾರು ಬಸುರಿ, ಎಲ್ಲ ಗೊತ್ತಾಗುತ್ತಿತ್ತು. ಹೇಳಬಾರದು ಅಂತ ಅಮ್ಮನವರು ನನ್ನಿಂದ ಮಾತ್ರ ಆಣೆ ಹಾಕಿಸಿಕೊಂಡಿದ್ದರು.

ಮಿಷನ್ನು, ಸೂಜಿ, ದಾರ ಅಮ್ಮನವರದು. ಹೊಲಿದ ಕೂಲಿ ಹೊಲಿದವಳದು. ಇದನ್ನು ಕಂಡು ಅವರ ಮೈದುನರಿಗೆ ಮೈ ಉರಿ. ಅವರಿಗೆ ಆ ಕೋಣೆಯಲ್ಲಿ ಕೊಬ್ಬರಿ ತುಂಬುವ ಆಸೆ ಇತ್ತು. ದಾನ ಅಂದರೆ ಅನ್ನ ಹಾಕು, ಸೀರೆ ಕೊಡು, ಅದು ಬಿಟ್ಟು ಮನೆಯೊಳಗೆ ದರ್ಜಿ ಅಂಗಡಿ ಇಡುವುದುಂಟೇ ಅಂತ ಅಣ್ಣನ ಕಿವಿ ಕಚ್ಚುತ್ತಿದ್ದರು. ಕೊನೆಗೆ ದೀಪಾವಳಿಯವರೆಗೆ ನೋಡುವುದು, ಊರವರು ಬಟ್ಟೆ ತಂದರೆ ಸರಿ, ಇಲ್ಲದಿದ್ದರೆ ಕೋಣೆ ಖಾಲಿ ಮಾಡಿಸುವುದು ಅಂತ ಮಾತಾಯಿತು. ಕೋಣೆ ಹೋದರೆ ನಾನು ಮತ್ತೆ ಮಂಡಿಗೆ. ಅವ್ವ ಈ ಸಲ ಬಾಯಿ ಬಿಟ್ಟು ಹೇಳಿದಳು, ನೀನು ಚಿಪ್ಪು ಮುಟ್ಟಬ್ಯಾಡ ಕಣವ್ವ ಅಂತ. ಅವಳ ಆಸೆಯೂ ಅದೇ ಅನ್ನುವುದು ನನಗೆ ಆಗ ಗೊತ್ತಾಯಿತು.

ಬಟ್ಟೆ ಬಂತು. ಹಬ್ಬ ಹತ್ತಿರ ಬಂದ ಹಾಗೆ ಬುಟ್ಟಿ ಬುಟ್ಟಿಯಾಗಿ ಬಂತು. ನಾವು ಸರದಿಯ ಮೇಲೆ ಕಾಲು ಸೋಲುವವರೆಗೆ ತುಳಿದೆವು. ಆಗಲೇ ಅಮ್ಮನವರಿಗೆ, ಹಬ್ಬಕ್ಕೆ ಕೋಣೆ ಬೆಳ್ಳಗಿರಬೇಕು ಅನ್ನಿಸಿ ಸುಣ್ಣ ಹೊಡೆಸಿದರು. ಸುಣ್ಣದವನು ಒಳ್ಳೆಯವನು. ದಾರಗಳನ್ನೆಲ್ಲ ಜೋಪಾನವಾಗಿ ತೆಗೆದು, ಗೋಡೆ ಒಣಗಿದ ಮೇಲೆ ಮತ್ತೆ ಜೋಪಾನವಾಗಿ ಮೊಳೆಗೆ ಹಾಕಿದ. ಯಾವುದು ಯಾವುದಕ್ಕೆ ಅಂತ ಅವನಿಗೇನು ಗೊತ್ತು. ನಾವು ಮೊಳೆ ನೋಡಿ ಬಟ್ಟೆ ಕತ್ತರಿಸಿದೆವು, ಹೊಲಿದೆವು, ಮನೆ ಮನೆಗೆ ಕಳಿಸಿದೆವು.

ಹಬ್ಬದ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು ಹೊಸ ರವಿಕೆ ತೊಡಲು ಹೋದ ಊರಿನ ಹೆಂಗಸರ ಗತಿ ಕೇಳಬೇಡಿ. ಹೂವಾಡಗಿತ್ತಿಯ ರವಿಕೆಯೊಳಗೆ ಇನ್ನೊಬ್ಬರು ಹಿಡಿಯುವಷ್ಟು ಜಾಗ. ಪಟೇಲರ ಸೊಸೆಗೆ ತೋಳು ಮೊಣಕೈಯನ್ನೇ ದಾಟಲಿಲ್ಲ. ಹೊತ್ತೇರುವಷ್ಟರಲ್ಲಿ ಹೊಲಿಗೆ ಮನೆಯ ಮುಂದೆ ಜಾತ್ರೆ. ತಲೆಗೆ ಸುತ್ತಿದ ಒದ್ದೆ ಬಟ್ಟೆ ಬಿಚ್ಚದೆ ಬಂದವರಿದ್ದರು. ನಾನು ಗೋಡೆ ನೋಡಿದೆ, ಸುಣ್ಣ ನೋಡಿದೆ, ಆದದ್ದೇನೆಂದು ತಿಳಿಯಿತು. ಜಗಲಿಯ ತುದಿಯಲ್ಲಿ ಮೈದುನರು ವೀಳ್ಯ ಮೆಲ್ಲುತ್ತ ಕೋಣೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದರು.

ಅಮ್ಮನವರು ಎಲ್ಲರನ್ನೂ ಒಳಗೆ ಕರೆದು ಬಾಗಿಲು ಹಾಕಿಸಿದರು. ಯಾರ ರವಿಕೆ ಯಾರ ಹತ್ತಿರ ಇದೆ ನೋಡಿ, ಹೊಸ ಬಟ್ಟೆಗೆ ಮೈಲಿಗೆ ಇಲ್ಲ ಅಂದರು. ಆಮೇಲೆ ನಡೆದದ್ದನ್ನು ಗಂಡಸರಿಗೆ ಹೇಳುವ ಹಾಗಿಲ್ಲ. ಪಟೇಲರ ಸೊಸೆ ಬಿಚ್ಚಿದ್ದು ಹೂವಾಡಗಿತ್ತಿಗೆ, ಹೂವಾಡಗಿತ್ತಿಯದು ಸ್ಟೇಷನ್ ಮಾಸ್ತರರ ಹೆಂಡತಿಗೆ, ಅವರದು ಇನ್ಯಾರಿಗೋ. ಬೀದಿಯಲ್ಲಿ ಎದುರಾದರೆ ಸೆರಗು ಸರಿಸಿಕೊಂಡು ಹೋಗುತ್ತಿದ್ದವರು ಒಬ್ಬರ ಬೆನ್ನಿನ ಗುಂಡಿ ಇನ್ನೊಬ್ಬರು ಹಾಕುತ್ತಿದ್ದರು. ನಗು ಎಷ್ಟಿತ್ತೆಂದರೆ ದರ್ಜಿ ತಾತ ಹೊರಗಿನಿಂದ, ಏನಾಯ್ತಮ್ಮ ಅಂತ ಕೂಗಿ ಕೂಗಿ ಸಾಕಾಗಿ ಚಹಾ ಕುಡಿಯಲು ಹೋದರು. ಬಣ್ಣ ಯಾರದೋ, ಅಂಚು ಯಾರದೋ. ಆದರೆ ಪ್ರತಿಯೊಂದು ರವಿಕೆಯೂ ಆ ಕೋಣೆಯಲ್ಲಿದ್ದ ಯಾರೋ ಒಬ್ಬಳಿಗೆ ಮೈಗೆ ಅಂಟಿದ ಹಾಗೆ ಕೂತಿತು.

ಅದನ್ನು ಮೊದಲು ಗಮನಿಸಿದವರು ಪಟೇಲರ ಸೊಸೆ. ಕೈ ಮೇಲೆತ್ತಿ, ಕೆಳಗಿಳಿಸಿ, ತಿರುಗಿ ನೋಡಿಕೊಂಡು, "ಎಲ್ಲೂ ಹಿಡೀತಿಲ್ಲ ಕಣ್ರೇ" ಅಂದರು. ಒಬ್ಬೊಬ್ಬರೂ ಕೈ ಎತ್ತಿ ನೋಡಿಕೊಂಡರು. ಆಮೇಲೆ ಬಾಗಿಲು ತೆಗೆದಾಗ ಬೇರೆ ಯಾರದೋ ಬಣ್ಣದಲ್ಲಿ ತಮ್ಮ ಅಳತೆ ತೊಟ್ಟುಕೊಂಡು ಅವರೆಲ್ಲ ಬೀದಿಗೆ ಇಳಿದರು. ಮೈದುನರು ವೀಳ್ಯ ಉಗುಳಲು ಎದ್ದು ಹೋದವರು ಕೋಣೆಯ ಮಾತನ್ನು ಮತ್ತೆ ಎತ್ತಲಿಲ್ಲ. ದಾರಗಳಿಗೆ ಗುರುತಿಗೆ ಬೇರೆ ಬೇರೆ ಬಣ್ಣದ ಚಿಂದಿ ಕಟ್ಟುವುದನ್ನು ನಾವು ಅಂದೇ ಕಲಿತೆವು.

ಆಮೇಲಿನ ವರ್ಷಗಳು ಓಡಿದವು. ಹೊಲಿಗೆ ಮನೆಗೆ ಮಿಷನ್ನುಗಳು ಸೇರಿದವು. ಕಲಿತ ಹುಡುಗಿಯರು ಮದುವೆಯಾಗಿ ಹೋದ ಊರುಗಳಲ್ಲೆಲ್ಲ ಗಂಟಿನ ದಾರ ನೇತಾಡತೊಡಗಿತು, ಬೇಲೂರಿನಲ್ಲಿ, ಹಗರೆಯಲ್ಲಿ, ಅರೇಹಳ್ಳಿಯ ಕಾಫಿ ತೋಟದ ಕೂಲಿ ಸಾಲಿನಲ್ಲಿ ಕೂಡ. ನನ್ನ ಮದುವೆಯೂ ಆಯಿತು, ಸ್ಟೇಷನ್ನಿನ ಕಾಫಿ ಹೋಟೆಲಿನವರ ಜೊತೆ. ನನ್ನ ನಾಲಿಗೆಯ ವಿಷಯ ಅವರಿಗೆ ಮೊದಲೇ ಗೊತ್ತಿತ್ತು. ಅಪ್ಪ ದಿನಾ ಅಲ್ಲೇ ಕಾಫಿ ಕುಡಿಯುತ್ತಿದ್ದ.

ಯುದ್ಧದ ಕಾಲದಲ್ಲಿ ಅಮ್ಮನವರು ನನ್ನನ್ನು ಹಳೇಬೀಡಿಗೆ ಕಳಿಸಿದರು, ಅಲ್ಲಿಯ ಹುಡುಗಿಯರಿಗೆ ಕಲಿಸಿ ಬಾ ಅಂತ. ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ದೊಡ್ಡ ಮಾತಾಯಿತು. ಏರು ಬಂದಾಗಲೆಲ್ಲ ಗಂಡಸರು ಇಳಿದು ತಳ್ಳುತ್ತಿದ್ದರು. ಮೇಲೆ ಕಟ್ಟಿದ ನನ್ನ ಮಿಷನ್ನಿನ ಭಾರಕ್ಕೆ ಹೀಗಾಗಿದೆ ಅಂತ ಕಂಡಕ್ಟರು ಗೊಣಗಿದ. ಹಿಂದೆ ಕೂತಿದ್ದ ನಾಲ್ಕು ದಪ್ಪನೆಯ ಯಜಮಾನರನ್ನು ತೋರಿಸಿ ನಾನು ಉತ್ತರ ಕೊಟ್ಟೆ. ಹಳೇಬೀಡಿನಲ್ಲಿ ಕೆರೆಯ ಹತ್ತಿರದ ಒಂದು ಮನೆಯ ಪಡಸಾಲೆಯಲ್ಲಿ ಕಲಿಸಿದೆ. ದೇವಸ್ಥಾನದ ಗೋಡೆಯ ಮೇಲಿನ ಕಲ್ಲಿನ ಹೆಂಗಸರನ್ನು ನೋಡಿಕೊಂಡು ಬಂದು, ಮೈತುಂಬ ಒಡವೆ, ಒಬ್ಬಳಿಗಾದರೂ ರವಿಕೆ ಬೇಡವೇ, ಇವರನ್ನು ನಂಬಿದ್ದರೆ ನಾನು ಉಪವಾಸ ಅಂದಾಗ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆ ನಗುವಿನಿಂದಲೇ ಅವರಿಗೆ ನನ್ನ ಭಯ ಹೋಯಿತು.

ಅವ್ವ ಮಂಡಿ ಬಿಟ್ಟಳು. ನಾನೇ ಬಿಡಿಸಿದೆ. ಹೊಲಿಗೆ ಮನೆಯಲ್ಲಿ ಗುಂಡಿ ಕಟ್ಟುವುದು, ಅಂಚು ಮಡಿಸುವುದು ಮಾಡುತ್ತಿದ್ದಳು. ಮೊದಮೊದಲು ಅವಳ ಅಂಗೈಗೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಬರಬರುತ್ತ ಮೆತ್ತಗಾಯಿತು. ಒಂದು ದಿನ ನಾನು ಮಿಷನ್ನಿನ ಮೇಲೆ ಬಗ್ಗಿದ್ದಾಗ ಹಿಂದಿನಿಂದ ಬಂದು ತಲೆ ಸವರಿದಳು. ಕೂದಲು ಸಿಕ್ಕಿಕೊಳ್ಳಲಿಲ್ಲ. ನಾನು ತಲೆ ಎತ್ತಲಿಲ್ಲ, ಎತ್ತಿದ್ದರೆ ಅತ್ತುಬಿಡುತ್ತಿದ್ದೆ.

ಗೌರಿ ಹಬ್ಬದ ಸೀರೆ ನಿಲ್ಲಲಿಲ್ಲ. ಆದರೆ ನಾನು ಹಿತ್ತಲಲ್ಲಿ ಮೊಳ ಹಾಕಿದ ಆ ವರ್ಷದಿಂದ ಅಮ್ಮನವರು ಮೊಳ ಹಾಕುವುದನ್ನು ಬಿಟ್ಟಿದ್ದರು. ಸೀರೆ ಇಸಕೊಳ್ಳುವವಳೇ ಬಂದು ಕೂತು, ತನ್ನ ಕೈಯಲ್ಲಿ ಹದಿನಾರು ಮೊಳ ಹಾಕಬೇಕು, ಅಮ್ಮನವರು ಕತ್ತರಿ ಹಾಕಬೇಕು. ಯುದ್ಧದಲ್ಲಿ ಬಟ್ಟೆಗೆ ಕಂಟ್ರೋಲು ಬಂದು ಸೀರೆಯೇ ಸಿಕ್ಕದಂತಾದಾಗ, ಈಗಾದರೂ ಹದಿನಾಲ್ಕು ಸಾಕು ಅಂತ ಮನೆಯವರು ಹೇಳಿದರಂತೆ. ಅಮ್ಮನವರು ಒಪ್ಪಲಿಲ್ಲ. ತಮ್ಮ ಸೊಸೆಯಂದಿರ ಹೊಸ ಸೀರೆ ನಿಲ್ಲಿಸಿದರು, ಇದನ್ನು ನಿಲ್ಲಿಸಲಿಲ್ಲ. ನಮ್ಮವ್ವ ಮಾತ್ರ ಯಾವ ವರ್ಷವೂ ಮೊಳ ಹಾಕಲಿಲ್ಲ. ಅವಳ ಸರದಿ ಬಂದಾಗ, ನಿಮ್ಮ ಕೈಯಲ್ಲೇ ಹಾಕಿಬಿಡಿ ಅಮ್ನೋರೆ ಅಂತ ದೂರ ನಿಲ್ಲುತ್ತಿದ್ದಳು. ಕೊಟ್ಟಿದ್ದನ್ನು ಅಳೆಯುವುದೆಂದರೆ ಆವತ್ತಿನ ಹೆದರಿಕೆ ಅವಳಿಗೆ ಹೋಗಿರಲೇ ಇಲ್ಲ. ನಾನು ಬೈದೆ, ರಮಿಸಿದೆ, ಏನೂ ಆಗಲಿಲ್ಲ.

ಕಂಟ್ರೋಲು ಇನ್ನೂ ಇದ್ದ ಒಂದು ಗೌರಿ ಹಬ್ಬಕ್ಕೆ ನನಗೊಂದು ಹುಚ್ಚು ಹಿಡಿಯಿತು. ಅಮ್ಮನವರಿಗೆ ನಾನೊಂದು ಸೀರೆ ಕೊಡಬೇಕು. ಅದೇ ನೇಯುವವರ ಮನೆಗೆ ಹೋಗಿ, ನೂಲು ಬಂದಾಗ ಹೇಳಿ ಅಂತ ಕಾದು, ಅದೇ ಹಸಿರು, ಅದೇ ಕೆಂಪಂಚು ನೇಯಿಸಿದೆ. ಅಲ್ಲೇ ಕೂತು ನನ್ನ ಉದ್ದನೆಯ ಕೈಯಲ್ಲಿ ಹದಿನಾರು ಮೊಳ ಹಾಕಿ ಕತ್ತರಿಸಿಕೊಂಡೆ. ಹಬ್ಬದ ದಿನ ಅವ್ವನನ್ನು ಕರೆದುಕೊಂಡು ಹೋಗಿ ಅರಿಶಿನ ಕುಂಕುಮ, ಕಾಯಿಯ ಜೊತೆ ಅವರ ಮಡಿಲಿಗೆ ಇಟ್ಟೆ. ಮಂಡಿಯ ಹೆಂಗಸರು, ಹೊಲಿಗೆ ಮನೆಯ ಹುಡುಗಿಯರು ಎಲ್ಲ ಹಜಾರದಲ್ಲಿದ್ದರು.

ಅಮ್ಮನವರಿಗೆ ಆಗ ವಯಸ್ಸಾಗಿತ್ತು. ಸೀರೆಯನ್ನು ನೋಡಿದರು, ನನ್ನನ್ನು ನೋಡಿದರು. ಗೋಡೆ ಹಿಡಿದುಕೊಂಡು ಎದ್ದು, ಸೀರೆ ಬಗಲಿಗೆ ಇಟ್ಟುಕೊಂಡು, ನಿಧಾನಕ್ಕೆ ಹಿತ್ತಲ ಕಡೆ ನಡೆದರು. ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಹಜಾರಕ್ಕೆ ಹಜಾರವೇ ನಕ್ಕಿತು. ಅವ್ವ ಒಬ್ಬಳೇ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಿದ್ದಳು.

ಅವರು ವಾಪಸ್ ಬಂದಾಗ ಹುಸಿಗೋಪ ತಂದುಕೊಂಡಿದ್ದರು.

"ಒಂದೂವರೆ ಮೊಳ ಜಾಸ್ತಿ ಐತಲ್ಲೇ."

"ನನ್ನ ಕೈಯಲ್ಲಿ ಹದಿನಾರು ಹಾಕಿದೆ, ಅಮ್ನೋರೆ."

"ಉಡೋಳು ಯಾರು? ಇಷ್ಟು ವರ್ಷ ಕಲಿತಿದ್ದು ಇಷ್ಟೇನಾ?" ಅಂದು ಕತ್ತರಿ ತರಿಸಿದರು. ಮಿಕ್ಕಿದ್ದನ್ನು ಅಲ್ಲೇ ಕತ್ತರಿಸಿ ಅವ್ವನ ಮುಂದೆ ಹಿಡಿದರು. "ಆವತ್ತು ನಿಂಗೆ ಕಮ್ಮಿ ಕೊಟ್ಟಿದ್ದು. ತಗೋ. ಒಂದು ರವಿಕೆ ಹೊಲಿಸ್ಕೊ, ನಿನ್ನ ಮಗಳ ಕೈಲಿ."

ಅವ್ವ ಎರಡೂ ಕೈ ಚಾಚಿ ಇಸಕೊಂಡಳು. ಕಣ್ಣಿಗೆ ಒತ್ತಿಕೊಂಡಳು. ಆಮೇಲೆ, ಯಾರೂ ಹೇಳದೆ, ಹಜಾರದ ನಟ್ಟನಡುವೆ, ಎಲ್ಲರ ಎದುರಿಗೆ ನೆಲದ ಮೇಲೆ ಕೂತು ಆ ತುಂಡನ್ನು ಹರಡಿ ಮೊಣಕೈ ಊರಿದಳು. ಒಂದು ಮೊಳ ಹಾಕಿದಳು. ಉಳಿದ ಅರ್ಧವನ್ನು ಬೆರಳಿನಿಂದ ಹಾಕಿದಳು. ತಲೆ ಎತ್ತಿ ಅಮ್ಮನವರ ಮುಖವನ್ನು ನೆಟ್ಟಗೆ ನೋಡಿದಳು.

"ನನ್ನ ಕೈಗೆ ಎರಡು ಬೆರಳು ಕಮ್ಮಿ ಐತೆ, ಅಮ್ನೋರೆ" ಅಂದಳು.